ಕಿವಿಯ ಯಂತ್ರ ಅಂಗಡಿಗೆ ಹೊರಟ ದಿನ

ನಮ್ಮೂರಿನಲ್ಲಿ ಸೋಫಾ ಎದುರಿಗೆ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಯಾರೂ ಬರೆದಿಟ್ಟ ಕಾಯಿದೆಯಲ್ಲ ಅದು, ಮರ್ಯಾದೆ. ಕಾರ್ಡಿನ ಮೇಲೆ ಕೊಂಡ ಸಾಮಾನಿನ ಬಿಲ್ಲನ್ನು ಗಡುವಿನೊಳಗೆ ಕಟ್ಟದಿದ್ದರೆ, ಮರುದಿನ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಆ ಸಾಮಾನು ಎದ್ದು, ತಾನು ಬಂದ ಅಂಗಡಿಗೆ ತಾನೇ ನಡೆದುಕೊಂಡು ಹೋಗುತ್ತದೆ. ಭಾನುವಾರ ಹೋಗುವುದಿಲ್ಲ, ಸರಕಾರಿ ರಜೆಯ ದಿನವೂ ಇಲ್ಲ. ಒಂದೇ ಮನೆಯಿಂದ ಎರಡು ಮೂರು ಸಾಮಾನು ಹೊರಡುವುದಿದ್ದರೆ ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಹೊರಟದ್ದನ್ನು ಹಿಡಿದು ನಿಲ್ಲಿಸುವಂತಿಲ್ಲ. ಹಿಡಿದರೆ ಮನೆಯಲ್ಲಿ ಉಳಿದವೂ ಅದರ ಬೆನ್ನಿಗೆ ಹೊರಡುತ್ತವೆ. ಅಂಗಡಿಯ ಹೊಸ್ತಿಲು ದಾಟಿತೆಂದರೆ ಮುಗಿಯಿತು, ಅದು ಅಂಗಡಿಯವನದು. ಮನೆ ಕಟ್ಟುವ ಗೌಂಡಿಗಳು ಮುಂಬಾಗಿಲನ್ನು ಐದಡಿ ಅಗಲ ಇಡುವುದು ಇದೇ ಕಾರಣಕ್ಕೆ. ಮಾನವಂತರು ಗಡುವಿನ ದಿನ ಫ್ರಿಜ್ಜಿಗೆ ಹಳೆಯ ಚಾದರ ಹೊದಿಸಿ ಇಡುತ್ತಾರೆ, ಬೀದಿಯಲ್ಲಿ ಹೋಗುವಾಗ ಇದು ಇಂಥವರ ಮನೆಯದೆಂದು ಗುರುತು ಸಿಗಬಾರದೆಂದು. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರ ಊಟದ ಮೇಜು ಅವರು ಬೆಳಗಿನ ಊಟದ ಮಜ್ಜಿಗೆ ಅನ್ನಕ್ಕೆ ಬಂದಿದ್ದಾಗ ಹೊರಟಿತ್ತು. ಕುರ್ಚಿಗಳನ್ನು ನಗದು ಕೊಟ್ಟು ತಂದಿದ್ದರಿಂದ ಅವು ಅಲ್ಲಾಡಲಿಲ್ಲ. ಮಾಸ್ತರರು ಮೇಜಿನ ಜತೆಗೇ ನಡೆಯುತ್ತ ಗಡಿಯಾರ ಕಂಬದ ಹತ್ತಿರ ಊಟ ಮುಗಿಸಿ, ತಟ್ಟೆ ಎತ್ತಿಕೊಂಡು ಮನೆಗೆ ಬಂದರು.

ಪೂರ್ತಿ ಕಟ್ಟಲು ಆಗದವರಿಗೆ ಕನಿಷ್ಠ ಮೊತ್ತ ಎಂಬುದೊಂದಿದೆ. ಅಷ್ಟು ಕಟ್ಟಿದರೆ ಸಾಮಾನು ಹೋಗುವುದಿಲ್ಲ, ಬಾಗಿಲ ಕಡೆಗೆ ಮುಖ ಮಾಡಿ ನಿಲ್ಲುತ್ತದೆ, ಅಷ್ಟೇ. ಹೀಗಾಗಿ ನಮ್ಮೂರಿನಲ್ಲಿ ಹೆಣ್ಣು ನೋಡಲು ಹೋದವರು ಹುಡುಗಿಗಿಂತ ಮೊದಲು ಕಪಾಟು ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡುತ್ತಾರೆ.

ನನ್ನ ಹೆಸರು ನೀಲಗಂಗಾ. ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ. ಊರಿನ ಅರ್ಧ ಜನರ ಜಾತಿ ಪ್ರಮಾಣಪತ್ರ, ಆಸ್ತಿ ಪತ್ರ, ಅಂಕಪಟ್ಟಿಗಳು ನನ್ನ ಕೈಯಿಂದಲೇ ದಾಟಿ ಹೋಗಿವೆ. ಪರರ ಕಾಗದಗಳನ್ನು ಇಷ್ಟು ಜೋಪಾನ ಮಾಡುವ ನಾನು ನನ್ನ ಕಾರ್ಡಿನ ಬಿಲ್ಲುಗಳನ್ನು ಮಾತ್ರ ಲಕೋಟೆ ಒಡೆಯದೆ ಚಪ್ಪಲಿಯ ಡಬ್ಬಿಯೊಂದರಲ್ಲಿ ಹಾಕಿಡುತ್ತಿದ್ದೆ. ಸಮಯ ಇರಲಿಲ್ಲವೆಂದು ಹೇಳಬಹುದು, ಆದರೆ ಅದು ನಿಜವಲ್ಲ. ಹೆದರಿಕೆ. ಒಂದೂವರೆ ವರ್ಷದ ಹಿಂದೆ ಎಪ್ಪತ್ತೆರಡು ಸಾವಿರಕ್ಕೆ ಬಣ್ಣದ ಪ್ರತಿ ತೆಗೆಯುವ ಮಶಿನು ಕೊಂಡಿದ್ದೆ. ತಿಂಗಳಿಗೆ ಎರಡೂವರೆ ಸಾವಿರ ಕಟ್ಟುತ್ತ ಬಂದಿದ್ದೆ. ಮಶಿನು ಬಂದ ಮೊದಲ ತಿಂಗಳಿಂದಲೇ ಬೀದಿಗೆ ಮುಖ ಮಾಡಿ ನಿಂತಿತ್ತು. ಅಂಗಡಿಯ ಮಶಿನು ಬೀದಿಗೆ ಮುಖ ಮಾಡಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ನನ್ನ ಗಂಡನಿಗೂ ಅದರ ಸಾಲ ಯಾವಾಗಲೋ ತೀರಿದೆಯೆಂದು ಹೇಳಿಬಿಟ್ಟಿದ್ದೆ.

ಗಂಡ ಮೃತ್ಯುಂಜಯ ಹಾರ್ಮೋನಿಯಂ ರಿಪೇರಿ ಮಾಡುವವನು. ಸುರ ಕೂಡಿಸುವುದರಲ್ಲಿ ಸುತ್ತಲಿನ ನಾಲ್ಕೂರಿನಲ್ಲಿ ಅವನಿಗೆ ಹೆಸರಿತ್ತು. ಏಳು ವರ್ಷದ ಹಿಂದೆ ಅವನ ಕಿವಿ ಮಂದವಾಗತೊಡಗಿತು. ಮೊದಮೊದಲು ಹಾರ್ಮೋನಿಯಂ ಪೆಟ್ಟಿಗೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ತಲೆಬುರುಡೆಗೆ ಬಂದ ಅದುರಿನಿಂದಲೇ ಸುರ ಹಿಡಿಯುತ್ತಿದ್ದ. ಆಮೇಲೆ ಅದೂ ಸಾಲದಾಯಿತು. ಒಂದು ಭಜನಾ ಮೇಳದವರು ಅವನು ಕೂಡಿಸಿಕೊಟ್ಟ ಪೆಟ್ಟಿಗೆಯನ್ನು ಮರಳಿ ತಂದು, ಏನೂ ಹೇಳದೆ ಕಟ್ಟೆಯ ಮೇಲಿಟ್ಟು ಹೋದರು. ಅಂದಿನಿಂದ ಅವನು ಮನೆಯಲ್ಲಿ ಕುಳಿತು ಸ್ಕ್ರೂಗಳನ್ನು ಅಳತೆಯ ಪ್ರಕಾರ ಬೇರೆ ಬೇರೆ ಡಬ್ಬಿಗೆ ತುಂಬುತ್ತಿದ್ದ. ತುಂಬಿದ ಮೇಲೆ ಎಲ್ಲ ಒಂದೆಡೆ ಸುರಿದು ಮತ್ತೆ ಶುರು ಮಾಡುತ್ತಿದ್ದ. ಅದನ್ನು ನೋಡಲಾಗದೆ ಮೂವತ್ತಾರು ಸಾವಿರದ ಕಿವಿಯ ಯಂತ್ರವನ್ನು ಹನ್ನೆರಡು ಕಂತಿನ ಮೇಲೆ ನನ್ನ ಕಾರ್ಡಿನಲ್ಲೇ ಕೊಂಡೆ. ಬಟಾಣಿಗಿಂತ ಚೂರು ದೊಡ್ಡದು. ಎಡಗಿವಿಗೆ ಹಾಕಿಕೊಂಡ ದಿನ ಕುಕ್ಕರಿನ ಸೀಟಿ ಕೇಳಿ ಅವನು ಗಾಬರಿಯಾಗಿ ಎದ್ದು ನಿಂತ. ನಮ್ಮ ಮನೆಯಲ್ಲಿ ಇಷ್ಟು ಗದ್ದಲವಿದೆಯೆಂದು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿದ. ಒಂದೇ ತಿಂಗಳಲ್ಲಿ ಪೆಟ್ಟಿಗೆಗಳು ಮತ್ತೆ ಮನೆಗೆ ಬರತೊಡಗಿದವು.

ಒಂಬತ್ತು ಕಂತು ಕಟ್ಟಿಯಾಗಿತ್ತು. ಹತ್ತನೆಯದನ್ನೂ ಮಶಿನಿನ ಎರಡೂವರೆ ಸಾವಿರದ ಜತೆಗೆ ಸೇರಿಸಿ, ಎಂದಿನಂತೆ ಐದೂವರೆ ಸಾವಿರ, ಗಡುವಿಗೆ ಎರಡು ದಿನ ಮೊದಲೇ ಕಟ್ಟಿದ್ದೆ. ಆದ್ದರಿಂದ ಆರನೇ ತಾರೀಖು ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮೃತ್ಯುಂಜಯ ಕೆಲಸದ ನಡುವೆ ತಲೆಯೆತ್ತಿ ಬ್ಯಾಟರಿ ಹೋಯಿತೆಂದಾಗ ನಾನೂ ಹಾಗೇ ಅಂದುಕೊಂಡೆ. ಹೊಸ ಬ್ಯಾಟರಿ ತರಲು ಎದ್ದವಳಿಗೆ ಅವನ ಭುಜದ ಮೇಲೆ ಏನೋ ಇಳಿಯುವುದು ಕಂಡಿತು. ಯಂತ್ರ ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಿಡಿದು ಕೆಳಗಿಳಿದು, ಮೊಣಕಾಲು ದಾಟಿ, ನೆಲ ಮುಟ್ಟಿ, ಹೊಸ್ತಿಲ ಕಡೆಗೆ ಹೊರಟಿತು. ಇರುವೆಗಿಂತ ಸ್ವಲ್ಪ ಜೋರು, ಜಿರಳೆಗಿಂತ ಬಹಳ ನಿಧಾನ.

ಮೃತ್ಯುಂಜಯ ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಎರಡೂ ಕೈ ಎತ್ತಿ, ಕಟ್ಟಿದ್ದೇನೆಂದು ಸನ್ನೆ ಮಾಡಿದೆ. ಅವನು ಹಿಡಿಯಲು ಮುಂದೆ ಹೋದ ತನ್ನ ಕೈಯನ್ನು ತಾನೇ ಹಿಂದಕ್ಕೆಳೆದುಕೊಂಡು, ಮೂಲೆಯಲ್ಲಿದ್ದ ಛತ್ರಿ ತೆಗೆದುಕೊಂಡು ಅದರ ಬೆನ್ನಿಗೆ ಬೀದಿಗಿಳಿದ.

ನಮ್ಮ ಮನೆಯಿಂದ ಕಿವಿಯ ಯಂತ್ರದ ಅಂಗಡಿಗೆ ಎಂಟುನೂರು ಹೆಜ್ಜೆ. ಮನುಷ್ಯನಿಗೆ ಹತ್ತು ನಿಮಿಷದ ದಾರಿ, ಆ ಯಂತ್ರಕ್ಕೆ ನಾಲ್ಕೈದು ತಾಸು. ಅಷ್ಟರೊಳಗೆ ಬ್ಯಾಂಕಿನಲ್ಲಿ ಏನಾದರೂ ಮಾಡಬೇಕಾಗಿತ್ತು. ಆದರೆ ಹಿಂದಿನಿಂದ ಬಸ್ಸು ಬಂದರೂ ಕೇಳದ ಮನುಷ್ಯನನ್ನು ನಡುಬೀದಿಯಲ್ಲಿ ಬಿಟ್ಟು ಹೋಗುವುದು ಹೇಗೆಂದು ನನಗೆ ಕಾಲೇ ಏಳಲಿಲ್ಲ. ಅವನು ಬಗ್ಗಿ, ಯಂತ್ರದ ಮೇಲೆ ಛತ್ರಿ ಹಿಡಿದು, ತಿರುಗಿ ನೋಡದೆ ಕೈಯಾಡಿಸಿ ಹೋಗು ಎಂದ. ನಾನು ಊರ ಬಾಗಿಲಾದ ಅಗಸಿಯ ತನಕ ಓಡಿ, ಅಲ್ಲಿ ವಾಹನಗಳನ್ನು ನೋಡಿಕೊಳ್ಳುವ ಪೊಲೀಸ್ ಇಮಾಮಹುಸೇನರಿಗೆ ವಿಷಯ ಹೇಳಿದೆ. ಕಪಾಟಿಗೆ, ಮಂಚಕ್ಕೆ, ವಾಶಿಂಗ್ ಮಶಿನಿಗೆ ಅವರ ಹತ್ತಿರ ಬೇರೆ ಬೇರೆ ಕೈಸನ್ನೆಗಳಿದ್ದವು. ಬಟಾಣಿಯಷ್ಟು ಸಾಮಾನಿಗೆ ಸನ್ನೆಯೇ ಇರಲಿಲ್ಲ. ಅವರು ಹೆಬ್ಬೆರಳು ತೋರುಬೆರಳು ಕೂಡಿಸಿ ಚಿಟಿಕೆ ಉಪ್ಪು ಹಿಡಿದಂತೆ ಮೇಲೆತ್ತಿ ತೋರಿಸಿ, ಇದು ಸಾಕೆ ಎಂದು ನನ್ನನ್ನೇ ಕೇಳಿದರು. ಸಾಕು ಎಂದೆ.

ಬ್ಯಾಂಕಿನಲ್ಲಿ ಸಾಲು ಉದ್ದವಿತ್ತು. ಕಾರ್ಡಿನ ತಕರಾರುಗಳನ್ನು ನೋಡುವವರು ಕಸ್ತೂರಿಬಾಯಿ ಎಂಬ ಹಿರಿಯ ಹೆಂಗಸು. ಅವರದೊಂದು ರೂಢಿ ಊರಿಗೆಲ್ಲ ಗೊತ್ತು. ಬಂದವರ ಬಿಲ್ಲನ್ನು ಅವರು ಓದುವುದಿಲ್ಲ. ಬಂದವರಿಂದಲೇ, ಎಲ್ಲರಿಗೂ ಕೇಳುವಂತೆ ಓದಿಸುತ್ತಾರೆ. ನನ್ನ ಸರದಿ ಬರುವಾಗ ಹನ್ನೆರಡು ದಾಟಿತ್ತು. ಚಪ್ಪಲಿ ಡಬ್ಬಿಯಿಂದ ಹದಿನೆಂಟು ಲಕೋಟೆಗಳನ್ನು ಮೇಜಿನ ಮೇಲೆ ಸುರಿದೆ. ಅವರು ಅವುಗಳನ್ನು ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಎಲ್ಲಕ್ಕಿಂತ ಹೊಸದನ್ನು ನನ್ನ ಮುಂದೆ ಸರಿಸಿದರು.

"ಒಡದು ಓದ್ರಿ," ಎಂದರು.

ಓದಿದೆ. ಮಶಿನಿನ ಬಾಕಿ. ಕಿವಿಯ ಯಂತ್ರದ ಕಂತು. ಮೂರನೆಯ ಸಾಲಿಗೆ ಬಂದಾಗ ನನ್ನ ದನಿ ನನಗೇ ಬೇರೆಯವರದೆನ್ನಿಸಿತು. ಹೊಳೆಯಾಚೆಯ ಪೇಟೆಯ ಒಂದು ಅಂಗಡಿಯಲ್ಲಿ ಕುದುರೆಯ ಜೀನು, ಎರಡು, ಒಟ್ಟು ಇಪ್ಪತ್ತನಾಲ್ಕು ಸಾವಿರ ರೂಪಾಯಿ. ಅದರಿಂದ ಈ ತಿಂಗಳು ಕಟ್ಟಬೇಕಾದ ಕನಿಷ್ಠ ಮೊತ್ತ ಸಾವಿರದ ಇನ್ನೂರು ಹೆಚ್ಚಾಗಿತ್ತು. ನಾನು ಲಕೋಟೆ ಒಡೆಯದೆ ಹಳೆಯ ಲೆಕ್ಕದಲ್ಲೇ ಕಟ್ಟಿದ್ದೆ. ಸಾವಿರದ ಇನ್ನೂರು ಕಡಿಮೆ ಬಿದ್ದದ್ದಕ್ಕೆ ಮನೆಯ ಸಾಮಾನುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಎದ್ದು ಹೊರಟಿತ್ತು.

ಕಸ್ತೂರಿಬಾಯಿ ನಮ್ಮ ಮನೆಯಲ್ಲಿ ಕುದುರೆ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಕತ್ತೆ? ಅದೂ ಇಲ್ಲ ಎಂದೆ. ಎರಡನ್ನೂ ಬರೆದುಕೊಂಡರು. ಕಾರ್ಡಿನ ನಂಬರನ್ನು ಯಾರಿಗಾದರೂ ಕೊಟ್ಟಿದ್ದಿರಾ ಎಂದು ಕೇಳಿದರು. ನನಗೆ ನೆಲ ಬಿರಿದರೆ ಇಳಿದುಹೋಗೋಣ ಎನ್ನಿಸಿತು. ಬಣ್ಣದ ಪ್ರತಿ ಎಷ್ಟು ಚೆನ್ನಾಗಿ ಬರುತ್ತದೆಂದು ಗಿರಾಕಿಗಳಿಗೆ ತೋರಿಸಲು ನಾನು ನನ್ನ ಕಾರ್ಡನ್ನೇ ಹಿಂದೆ ಮುಂದೆ ಎರಡೂ ಬದಿ ಪ್ರತಿ ತೆಗೆದು, ಲ್ಯಾಮಿನೇಷನ್ ಮಾಡಿ, ಅಂಗಡಿಯ ಗಾಜಿಗೆ ಅಂಟಿಸಿದ್ದೆ. ಕಾರ್ಡಿನ ಮೇಲೆ ನವಿಲಿನ ಚಿತ್ರವಿತ್ತು, ಕೈಗೆ ಸಿಕ್ಕದ್ದರಲ್ಲಿ ಅದೇ ಹೆಚ್ಚು ಬಣ್ಣದ್ದು. ಎರಡು ತಿಂಗಳಿಂದ ಅದು ಬಸ್ಸಿಗೆ ಕಾಯುವವರ ಕಣ್ಣೆದುರೇ ಇತ್ತು. ಇದನ್ನು ಹೇಳಿ ಮುಗಿಸಿದಾಗ ಸಾಲಿನಲ್ಲಿದ್ದವರೊಬ್ಬರು ತಾವು ಅದನ್ನು ನೋಡಿದ್ದಾಗಿಯೂ, ನವಿಲಿನ ಕುತ್ತಿಗೆಯ ನೀಲಿ ಬಹಳ ಚೆನ್ನಾಗಿ ಬಂದಿತ್ತೆಂದೂ ಹೇಳಿದರು.

ಕಸ್ತೂರಿಬಾಯಿ ನಗಲಿಲ್ಲ. ಮೊದಲು ಆ ಕಾರ್ಡನ್ನು ಮುಚ್ಚಿಸಿದರು. ಇನ್ನು ಮುಂದೆ ಆ ನಂಬರಿನ ಮೇಲೆ ಯಾರು ಆನೆ ಕೊಂಡರೂ ನನಗೆ ಸಂಬಂಧವಿಲ್ಲ, ಮುಚ್ಚಿಸುವ ಮೊದಲು ಆದದ್ದರಲ್ಲಿ ನನ್ನ ಅಜಾಗ್ರತೆಯ ಪಾಲೆಂದು ಐನೂರು ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ ಎಂದರು. ತಕರಾರು ಎತ್ತಲು ಬಿಲ್ಲು ಬಂದ ದಿನದಿಂದ ಅರವತ್ತು ದಿನ ಅವಕಾಶವಿತ್ತು; ನನ್ನದು ಹತ್ತೊಂಬತ್ತನೆಯ ದಿನ. ನಾನು ಬೀದಿಯಲ್ಲಿ ನಡೆಯುತ್ತಿರುವ ಯಂತ್ರದ ವಿಷಯ ಹೇಳಿ, ಜೀನು ನನ್ನದಲ್ಲವೆಂದು ಹೇಗೆ ಸಾಬೀತು ಮಾಡಲಿ, ಸಾಬೀತು ಮಾಡುವಷ್ಟರಲ್ಲಿ ಅದು ಹೊಸ್ತಿಲು ದಾಟಿರುತ್ತದೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ನೀವು ಖರೆ ಹೇಳ್ತೀರೋ ಸುಳ್ಳು ಹೇಳ್ತೀರೋ, ಅದನ್ನ ಆಮ್ಯಾಲ ನೋಡೂಣು. ನಾ ಕೊಂಡಿಲ್ಲ ಅಂತ ಬರದು ಕೊಡ್ರಿ. ವಿಚಾರಣಿ ಮುಗಿಯೂತನಾ ಆ ರೊಕ್ಕ ನೀವು ಕಟ್ಟಬೇಕಾಗಿಲ್ಲ, ಅದರ ಸಲುವಾಗಿ ನಿಮ್ಮ ಸಾಮಾನು ಎಲ್ಲಿಗೂ ಹೋಗಂಗಿಲ್ಲ. ಆದ್ರ ಬರದು ಕೊಡಬೇಕು. ಬಾಯಿಲೆ ಹೇಳಿದ್ದಕ್ಕ ನಾ ಸಿಕ್ಕಾ ಎಲ್ಲಿ ಹೊಡೀಲಿ?"

ಅಲ್ಲೇ ನಿಂತು ಬರೆದೆ. ಅವರು ಓದಿಸಿದರು, ಕೇಳಿದರು, ಸರಿ ಎಂದರು. ಆಮೇಲೆ ಎರಡು ಪ್ರತಿ ಬೇಕು, ಒಂದು ಬ್ಯಾಂಕಿಗೆ, ಒಂದಕ್ಕೆ ಬ್ಯಾಂಕಿನ ಮುದ್ರೆಯ ಸಿಕ್ಕಾ ಒತ್ತಿ ನನಗೆ ಎಂದರು. ಬ್ಯಾಂಕಿನ ಝೆರಾಕ್ಸ್ ಮಶಿನು ಕೆಟ್ಟು ಎರಡು ವಾರವಾಗಿತ್ತು. ಇನ್ನೊಂದನ್ನು ಕೈಯಲ್ಲೇ ಬರೆಯಬಹುದಿತ್ತು, ನನಗದು ಹೊಳೆಯಲೇ ಇಲ್ಲ. ಇಪ್ಪತ್ತು ವರ್ಷದಿಂದ ಒಂದೇ ಕಸುಬು ಮಾಡಿದವರಿಗೆ ಎರಡು ಪ್ರತಿ ಎಂದರೆ ಕಾಲು ತಾವೇ ಅಂಗಡಿಯ ಕಡೆಗೆ ತಿರುಗುತ್ತವೆ. ಒಂದು ಗಂಟೆ ಹೊಡೆಯಿತು, ಬ್ಯಾಂಕಿನವರು ಊಟಕ್ಕೆದ್ದರು. ನಾನು ಓಡಿದೆ.

ದಾರಿಯಲ್ಲಿ ಗಡಿಯಾರ ಕಂಬದ ಬಳಿ ಮೃತ್ಯುಂಜಯ ಸಿಕ್ಕ. ಕುಕ್ಕುರುಗಾಲಿನಲ್ಲಿ ಕುಳಿತು ಅಂಗುಲ ಅಂಗುಲವಾಗಿ ಸರಿಯುತ್ತಿದ್ದ. ಛತ್ರಿ ತನಗಲ್ಲ, ನೆಲಕ್ಕೆ. ಅವನ ಹಿಂದೆ ಮೂರು ಬಸ್ಸು, ಒಂದು ಕಬ್ಬಿನ ಗಾಡಿ, ಯಾರದೋ ಮನೆಯಿಂದ ಹೊರಟಿದ್ದ ಕಬ್ಬಿಣದ ಕಪಾಟು ಸಾಲಾಗಿ ನಿಂತಿದ್ದವು. ಇಮಾಮಹುಸೇನರು ಚಿಟಿಕೆ ಹಿಡಿದ ಕೈಯನ್ನು ಇಳಿಸಿರಲೇ ಇಲ್ಲ. ಅವರು ನನಗೆ ಬೆಳಗಿನ ವರ್ತಮಾನವನ್ನೆಲ್ಲ ಹೇಳಿದರು. ಒಂದು ಕೋಳಿ ಅದನ್ನು ಕಾಳೆಂದು ಕುಕ್ಕಲು ಬಂದಿತ್ತು. ನನ್ನ ಗಂಡ ಕೋಳಿಯ ಮೇಲೆ ಎಂದೂ ಇಲ್ಲದ ದನಿಯಲ್ಲಿ ಕೂಗಿದ್ದನಂತೆ. ಗಟಾರದ ಅಂಚಿಗೆ ಬಂದು ದಾಟಲಾಗದೆ ಯಂತ್ರ ಸೇತುವೆಯ ತನಕ ಸುತ್ತುಬಳಸಿ ಹೋಗಿ ಬಂದಿತ್ತು. ನಮ್ಮೂರಿನ ತೆರೆದ ಗಟಾರಗಳ ಬಗ್ಗೆ ನಾನು ಎಷ್ಟೋ ಸಲ ಬೈದಿದ್ದೇನೆ. ಅಂದು ಅದು ನಮಗೆ ನಲವತ್ತು ನಿಮಿಷ ಉಳಿಸಿಕೊಟ್ಟಿತು.

ಅಂಗಡಿಯ ಬಾಗಿಲು ತೆರೆದರೆ ಬಣ್ಣದ ಮಶಿನು ತನ್ನ ವೈರನ್ನು ತಾನೇ ಸುತ್ತಿಕೊಂಡು, ಎರಡು ಗಾಲಿ ಹೊಸ್ತಿಲಿನ ಮೇಲಿಟ್ಟು ನಿಂತಿತ್ತು. ಚಿಕ್ಕದರ ನಂತರ ದೊಡ್ಡದರ ಸರದಿ. ಹೊರಟದ್ದನ್ನು ಹಿಡಿಯುವಂತಿಲ್ಲ, ಆದರೆ ಕೆಲಸ ಹೇಳಬಾರದೆಂದು ಎಲ್ಲೂ ಇಲ್ಲ. ಹಿಡಿಯದೆ, ವೈರಿನ ತುದಿಯನ್ನಷ್ಟೇ ಬಿಚ್ಚಿ ಕರೆಂಟಿಗೆ ಹಾಕಿ, ಅರ್ಜಿಯನ್ನು ಗಾಜಿನ ಮೇಲಿಟ್ಟು, ಹೋಗುವುದಿದ್ದರೆ ಹೋಗು, ಇದೊಂದು ಮಾಡಿಕೊಟ್ಟು ಹೋಗು ಎಂದು ಹೇಳಿ ಗುಂಡಿ ಒತ್ತಿದೆ. ಅದು ಸ್ವಲ್ಪ ಹೊತ್ತು ಗುರುಗುಟ್ಟಿತು. ಆಮೇಲೆ ಒಂದು ಪ್ರತಿ ಕೊಟ್ಟಿತು. ಹದಿನೆಂಟು ತಿಂಗಳಲ್ಲಿ ಅಷ್ಟು ಸ್ವಚ್ಛವಾದ ಪ್ರತಿಯನ್ನು ಅದು ಕೊಟ್ಟದ್ದು ನಾನು ಕಂಡಿರಲಿಲ್ಲ.

ಬ್ಯಾಂಕಿಗೆ ಮರಳಿದಾಗ ಕಸ್ತೂರಿಬಾಯಿ ಊಟ ಮುಗಿಸಿ ಬಂದು, ಫೋನಿನಲ್ಲಿ ಯಾರ ಮಾತನ್ನೋ ಕೇಳುತ್ತಿದ್ದರು. ಹೊಳೆಯಾಚೆಯ ಜೀನಿನ ಅಂಗಡಿಯವನು. ಕಟ್ಟದ ಜೀನುಗಳು ಎಲ್ಲಿದ್ದರೂ ಇವತ್ತು ಹೊರಟೇ ಇರಬೇಕು, ಯಾವ ಮನೆಯಿಂದ ಬರುತ್ತವೆಂದು ನೋಡಿಟ್ಟಿರು ಎಂದು ಅವರು ಅವನಿಗೆ ಮೊದಲೇ ಹೇಳಿದ್ದರು. ಜೀನುಗಳು ಬಂದಿದ್ದವು. ಮದುವೆಯ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವನೊಬ್ಬನ ಲಾಯದಿಂದ ಒಂದು ಜೀನು ಬಂದಿತ್ತು. ಇನ್ನೊಂದು ಮೆರವಣಿಗೆಯ ನಡುವಿನಿಂದಲೇ ಹೊರಟು, ಕುದುರೆಯಿಂದ ಕಳಚಿಕೊಂಡು, ಬಾಸಿಂಗ ಕಟ್ಟಿಕೊಂಡ ಮದುಮಗನನ್ನು ಹೊತ್ತುಕೊಂಡೇ ಅಂಗಡಿಗೆ ಬಂದಿತ್ತು. ಬ್ಯಾಂಡಿನವರಿಗೆ ಏನಾಗಿದೆಯೆಂದು ತಿಳಿಯದೆ ಅವರೂ ಬಾರಿಸುತ್ತ ಹಿಂದೆಯೇ ಬಂದಿದ್ದರು. ಕುದುರೆಯವನು ಎರಡು ತಿಂಗಳ ಹಿಂದೆ ನಮ್ಮೂರಿನ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾದದ್ದನ್ನು ಒಪ್ಪಿಕೊಂಡಿದ್ದಾನೆ, ನವಿಲನ್ನೂ ಒಪ್ಪಿಕೊಂಡಿದ್ದಾನೆ ಎಂದು ಕಸ್ತೂರಿಬಾಯಿ ಹೇಳಿದರು. ಆದರೂ ವಿಚಾರಣೆ ವಿಚಾರಣೆಯೇ, ಪತ್ರ ಬರುವ ತನಕ ಇದು ತಕರಾರಿನಲ್ಲಿದೆ ಎಂದು ಹೇಳಿ ಸಿಕ್ಕಾ ಎತ್ತಿಕೊಂಡರು. ಮಸಿ ಒಣಗಿತ್ತು. ಮಸಿಯ ಬಾಟಲಿ ಹುಡುಕಲು ಇನ್ನೂ ಕಾಲು ತಾಸು ಹೋಯಿತು.

ಆ ಕಾಲು ತಾಸಿನಲ್ಲಿ ಅವರು ಇನ್ನೊಂದು ಓದಿಸಿದರು. ಬಿಲ್ಲಿನ ಹಿಂಬದಿ, ಸಣ್ಣ ಅಕ್ಷರ. ಮಶಿನಿನ ಬಾಕಿ ಎಪ್ಪತ್ತು ಸಾವಿರದ ಇನ್ನೂರು. ಹೀಗೇ ತಿಂಗಳಿಗೆ ಎರಡೂವರೆ ಸಾವಿರ ಕಟ್ಟುತ್ತ ಹೋದರೆ ಸಾಲ ತೀರಲು ಏಳು ವರ್ಷ ನಾಲ್ಕು ತಿಂಗಳು. ನಾನು ಬೆರಳು ಮಡಚಿ ಎಣಿಸಿದೆ. ಇಷ್ಟು ದಿನದಲ್ಲಿ ನಲವತ್ತೈದು ಸಾವಿರ ಕಟ್ಟಿದ್ದೆ. ಸಾಲ ಇಳಿದದ್ದು ಸಾವಿರದ ಎಂಟುನೂರು.

"ನೀವು ಕಟ್ಟಿದ್ದು ಮಶಿನಿಗಲ್ಲವ್ವಾ," ಎಂದರು ಕಸ್ತೂರಿಬಾಯಿ, ಮೆಲ್ಲನೆ, ಸಾಲಿನವರಿಗೆ ಕೇಳದ ಹಾಗೆ. "ಬಡ್ಡಿಗೆ. ಮಶಿನಿಗೆ ಇನ್ನೂ ಶುರು ಮಾಡೇ ಇಲ್ಲ."

ಸಿಕ್ಕಾ ಬಿದ್ದಾಗ ಎರಡು ಗಂಟೆ ನಲವತ್ತು ನಿಮಿಷ. ನಾನು ಐವತ್ತೊಂದು ವರ್ಷದವಳು, ಸೀರೆ ಉಟ್ಟು ಅಷ್ಟು ಜೋರಾಗಿ ಓಡಿದ್ದು ಅದೇ ಮೊದಲು. ಯಂತ್ರದ ಅಂಗಡಿ ಕಾಣುವ ತಿರುವಿಗೆ ಬಂದಾಗ ಜನ ಎರಡೂ ಬದಿಗೆ ನಿಂತಿದ್ದರು. ಅಂಗಡಿಯವನು ಹೊಸ್ತಿಲ ಹೊರಗೆ ಬಂದು, ಯಂತ್ರ ಇಡುವ ಚಿಕ್ಕ ಪೆಟ್ಟಿಗೆಯ ಮುಚ್ಚಳ ತೆರೆದು ಹಿಡಿದುಕೊಂಡು ನಿಂತಿದ್ದ. ಅವನ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಕಿವಿಯ ಅಳತೆ ತೆಗೆದುಕೊಂಡವನು ಅವನೇ. ಅವನ ಕಾಲ ಬಳಿ, ಹೊಸ್ತಿಲಿಗೆ ಗೇಣು ದೂರದಲ್ಲಿ ಯಂತ್ರವಿತ್ತು. ಅದರ ಹಿಂದೆ ನನ್ನ ಗಂಡ ಛತ್ರಿ ಮಡಚಿಟ್ಟು, ನೆಲಕ್ಕೆ ಎರಡೂ ಅಂಗೈ ಊರಿ, ಬಾಗಿ ಅದನ್ನೇ ನೋಡುತ್ತಿದ್ದ. ನಾನು ಜೋರಾಗಿ ಅವನ ಹೆಸರು ಹಿಡಿದು ಕರೆದೆ. ಬೀದಿಯವರೆಲ್ಲ ತಿರುಗಿ ನೋಡಿದರು, ಅವನೊಬ್ಬ ನೋಡಲಿಲ್ಲ.

ಸಿಕ್ಕಾ ಬಿದ್ದ ಅರ್ಜಿಯನ್ನು ಯಂತ್ರದ ಮುಂದೆ ನೆಲಕ್ಕೆ ಹಾಸಿದೆ. ಅದು ಕಾಗದದ ಅಂಚು ಏರಿತು. ನನ್ನ ಅಕ್ಷರಗಳ ಮೇಲೆ ಸಾಲು ಹಿಡಿದು ನಡೆಯಿತು. ಕೆಳಗೆ ಹಸಿ ಮಸಿಯ ಸಿಕ್ಕಾ ಮುಟ್ಟಿದಲ್ಲಿ ನಿಂತಿತು. ಯಂತ್ರ ಅಲ್ಲೇ ಒಂದು ಸುತ್ತು ತಿರುಗಿ, ಮೃತ್ಯುಂಜಯನ ಕಡೆಗೆ ಮುಖ ಮಾಡಿ ಕುಳಿತಿತು. ಇಮಾಮಹುಸೇನರು ಅಷ್ಟು ಹೊತ್ತಿನಿಂದ ಎತ್ತಿದ್ದ ಕೈ ಇಳಿಸಿ, ಇನ್ನೊಂದು ಕೈಯಿಂದ ಅದನ್ನು ತಿಕ್ಕಿಕೊಂಡರು. ಬಸ್ಸುಗಳು ಹೊರಟವು.

ತಿರುಗಿದ ಸಾಮಾನನ್ನು ಎತ್ತಿಕೊಂಡು ಹೋಗಬಹುದು, ಆದರೆ ಮನೆಯ ಹೊಸ್ತಿಲು ದಾಟುವ ತನಕ ಬಳಸುವಂತಿಲ್ಲ. ಯಂತ್ರವನ್ನು ಕರವಸ್ತ್ರದಲ್ಲಿ ಕಟ್ಟಿ ಸೆರಗಿಗೆ ಗಂಟು ಹಾಕಿಕೊಂಡೆ. ದಾರಿಯಲ್ಲಿ ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಮೃತ್ಯುಂಜಯನ ಮೊಣಕಾಲು ಕೆಂಪು ಮಣ್ಣಾಗಿದ್ದವು. ಅವನು ಎರಡು ಗ್ಲಾಸು ಕುಡಿದು ಮೂರನೆಯದಕ್ಕೆ ಬೆರಳೆತ್ತಿದ. ಅವನಿಗೆ ಕೇಳುವುದಿಲ್ಲವೆಂಬ ಧೈರ್ಯದ ಮೇಲೆ ನಾನು ನನ್ನ ಗ್ಲಾಸಿನ ನೊರೆ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಮಶಿನಿನ ಸಾಲ ತೀರಿಲ್ಲ ಎಂದೆ. ಒಂದೂವರೆ ವರ್ಷದಿಂದ ಲಕೋಟೆ ಒಡೆದಿಲ್ಲ ಎಂದೆ. ನೀನು ಕಿವುಡನಾಗಿದ್ದಾಗ ನನಗೆ ಸುಳ್ಳು ಹೇಳುವುದು ಸುಲಭವಾಗಿತ್ತು, ಕಿವಿ ಬಂದ ಮೇಲೆ ಕಷ್ಟವಾಯಿತು ಎಂದೆ. ಇನ್ನೂ ಎಪ್ಪತ್ತು ಸಾವಿರವಿದೆ ಎಂದೆ. ಹೇಳಿ ಮುಗಿಸಿದ ಮೇಲೆ ಎದೆ ಹಗುರಾಯಿತು, ಯಾರಿಗೂ ಕೇಳಿಸಿಲ್ಲವಲ್ಲ ಎಂದು. ಅವನು ಬಾಯಿ ಒರೆಸಿಕೊಂಡು, ಹೋಗೋಣ ಎಂದು ಎದ್ದ.

ಮನೆಗೆ ಬಂದು ಯಂತ್ರ ಕಿವಿಗಿಟ್ಟುಕೊಂಡು, ಬೆಳಿಗ್ಗೆ ಬಿಟ್ಟ ಪೆಟ್ಟಿಗೆಯ ಮುಂದೆ ಮತ್ತೆ ಕುಳಿತ. ಮರುದಿನ ಅಂಗಡಿಗೆ ಹೋದರೆ ಮಶಿನು ಹೊಸ್ತಿಲಿನಿಂದ ಹಿಂದೆ ಸರಿದಿತ್ತು, ಮುಖ ಮಾತ್ರ ಬೀದಿಗೇ. ಮುಂದಿನ ಎರಡು ವಾರ ಅವನು ವಿಶೇಷವೇನೂ ಮಾತಾಡಲಿಲ್ಲ. ಆದರೆ ಮೊದಲು ವಾರಕ್ಕೆ ಎರಡು ಪೆಟ್ಟಿಗೆ ಹಿಡಿಯುತ್ತಿದ್ದವನು ನಾಲ್ಕು ಹಿಡಿಯತೊಡಗಿದ. ಬೆಳಿಗ್ಗೆ ನನಗಿಂತ ಮೊದಲು ಏಳುತ್ತಿದ್ದ. ಒಮ್ಮೊಮ್ಮೆ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಳ್ಳಲು ಹೋಗಿ, ಅಲ್ಲಿ ಯಂತ್ರವಿರುವುದು ನೆನಪಾಗಿ ಇನ್ನೊಂದು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

ಹದಿನೆಂಟನೆಯ ದಿನ ಬ್ಯಾಂಕಿನ ಪತ್ರ ಬಂತು. ಒಲೆಯ ಮುಂದೆ ನಿಂತವಳು ಹಾಗೇ ಒಡೆದು, ಅವನಿಗೆ ಕೇಳುವಂತೆ ಓದಿದೆ. ಜೀನುಗಳ ಇಪ್ಪತ್ತನಾಲ್ಕು ಸಾವಿರ ರದ್ದಾಗಿತ್ತು. ನನ್ನ ಪಾಲು ಐನೂರು ರೂಪಾಯಿ. ಇದರಿಂದ ನನ್ನ ಹೆಸರಿಗೆ ಯಾವ ಕಪ್ಪು ಗುರುತೂ ಬಿದ್ದಿಲ್ಲವೆಂದು ಕೊನೆಯಲ್ಲಿ ಬರೆದಿತ್ತು. ಓದಿ ಮುಗಿಸಿದಾಗ ಮೃತ್ಯುಂಜಯ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು, ಪೆಟ್ಟಿಗೆಯ ಮೇಲೆ ಬಿಡಿಸಿಟ್ಟು ನನ್ನನ್ನು ಕರೆದ. ಪೆನ್ಸಿಲಿನಲ್ಲಿ ಗೆರೆ ಎಳೆದು ತಿಂಗಳು ತಿಂಗಳು ಬರೆದಿದ್ದ. ನನ್ನ ಎರಡೂವರೆ ಸಾವಿರ ಒಂದು ಕಡೆ, ತನ್ನ ಹೆಚ್ಚಿನ ಪೆಟ್ಟಿಗೆಗಳ ಎರಡೂವರೆ ಸಾವಿರ ಇನ್ನೊಂದು ಕಡೆ. ಬಡ್ಡಿಗೆ ಒಂದು ಸಾಲು, ಅಸಲಿಗೆ ಒಂದು ಸಾಲು. ಮುಗಿಯುವ ತನಕ ಯಾವ ಕಾರ್ಡಿನ ಮೇಲೂ ಸೂಜಿಯನ್ನೂ ಕೊಳ್ಳಬಾರದೆಂದು ಮೇಲೆ ಬರೆದು ಅಡಿಗೆರೆ ಹಾಕಿದ್ದ.

"ಎರಡ ವರ್ಷ ಹಿಡೀತೈತಿ," ಎಂದ. "ಎಂಬತ್ತ ಸಾವಿರ ಅಂದ್ರ ಕಡಿಮಿ ಅಲ್ಲ. ಆದ್ರ ತೀರತೈತಿ."

ನಿನಗೆ ಹೇಗೆ ಗೊತ್ತಾಯಿತೆಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಆರು ವರ್ಷ ಕಿವಿಯಿಲ್ಲದೆ ಬದುಕಿದವನು ಏನು ನೋಡಿಕೊಂಡು ಬದುಕಿದನೆಂದು ತಿಳಿದುಕೊಂಡಿದ್ದೀಯ, ನಿನ್ನ ತುಟಿಗಳನ್ನೇ ಅಲ್ಲವೇ ಎಂದ. ಕಬ್ಬಿನ ಹಾಲಿನ ಅಂಗಡಿಯಲ್ಲಿ ನೀನು ತಲೆ ತಗ್ಗಿಸಿದ್ದರಿಂದ ಅಲ್ಲಲ್ಲಿ ಒಂದೆರಡು ಮಾತು ತಪ್ಪಿರಬಹುದು, ಉಳಿದದ್ದೆಲ್ಲ ಕಂಡಿತು ಎಂದ.

ನಾನು ನೆಲದ ಮೇಲೆ ಅವನ ಎದುರಿಗೆ ಕುಳಿತೆ. ಕಡೆಗೆ ಇದ್ದದ್ದನ್ನು ಹೇಳಿದೆ.

"ಎಂಬತ್ತಲ್ಲ," ಎಂದೆ. "ಎಪ್ಪತ್ತು."

ಅವನು ತಲೆಯೆತ್ತಿದ. ಇನ್ನೊಮ್ಮೆ ಹೇಳು ಎಂದ. ಹೇಳಿದೆ. ಅವನು ತಾನೂ ದನಿಯಿಲ್ಲದೆ ಎರಡನ್ನೂ ಒಂದರ ಬೆನ್ನಿಗೊಂದು ಹೇಳಿ ನೋಡಿಕೊಂಡ. ಎರಡು ಸಲವೂ ತುಟಿ ಒಂದೇ ರೀತಿ ಮುಚ್ಚಿ ತೆರೆದವು. ಹದಿನೆಂಟು ದಿನ ಅವನು ಇಲ್ಲದ ಹತ್ತು ಸಾವಿರಕ್ಕೂ ಸೇರಿಸಿ ಬೆಳಗಾಗುವ ಮೊದಲೇ ಎದ್ದು ದುಡಿದಿದ್ದ.

ಕಾಗದ ಎಳೆದುಕೊಂಡು ಮತ್ತೆ ಲೆಕ್ಕ ಹಾಕಿದ. ಬಹಳ ಹೊತ್ತು ಹಿಡಿಯಿತು. ಆಮೇಲೆ ರಬ್ಬರು ತೆಗೆದುಕೊಂಡು ಪಟ್ಟಿಯ ಕೊನೆಯಿಂದ ಒಂದೊಂದೇ ಸಾಲನ್ನು ಅಳಿಸತೊಡಗಿದ. ನಾಲ್ಕು ಸಾಲು ಅಳಿಸಿ, ಪುಡಿ ಊದಿ, ಖಾಲಿಯಾದ ಜಾಗವನ್ನು ಅಂಗೈಯಿಂದ ಸವರಿದ.

"ನಾಕ ತಿಂಗಳು ಉಳದ್ವು ನೋಡು," ಎಂದ. "ಏನ್ ಮಾಡೂಣು ಅವನ್ನ?"